ಬಲದ ತಪ್ಪಲೆ

ನಮ್ಮ ಸೋದರಮಾವ ಒಂದು ಕಾಲಕ್ಕೆ ಎಮ್ಮೆಲ್ಲೆ ಆಗಿದ್ದವರು. ಯಾವ ಕ್ಷೇತ್ರ ಎಂದು ಕೇಳಬೇಡಿ. ಹೇಳಿದರೆ ನಮ್ಮತ್ತೆ ನನ್ನನ್ನು ಕಲ್ಯಾಣದುರ್ಗದ ಮನೆಯ ಹೊಸ್ತಿಲು ತುಳಿಯಲು ಬಿಡುವುದಿಲ್ಲ. ಯಾವ ಪಕ್ಷ ಎಂದಂತೂ ಕೇಳಲೇಬೇಡಿ, ಅದಕ್ಕೆ ಉತ್ತರ ಹೇಳಬೇಕಾದರೆ ಯಾವ ವರ್ಷದ ಮಾತು ಎಂದು ಮೊದಲು ತೀರ್ಮಾನವಾಗಬೇಕು. ಹೆಗಲ ಮೇಲಿನ ಟವೆಲ್ಲಿನ ಬಣ್ಣ ಬದಲಾದಾಗಲೆಲ್ಲ ಅತ್ತೆ ಹಳೆಯ ಟವೆಲ್ಲುಗಳನ್ನು ಅಡುಗೆಮನೆಗೆ ಹಾಕುತ್ತಿದ್ದರು. ಆ ಮನೆಯಲ್ಲಿ ಬಿಸಿ ಪಾತ್ರೆ ಇಳಿಸಲು ಮೂರು ಪಕ್ಷಗಳ ಮಸಿಬಟ್ಟೆ ಇವೆ.

ಹಾಗೆಂದು ಮಾವ ಕೆಟ್ಟವರಲ್ಲ. ಹುಟ್ಟೂರಿನ ದಲಿತರ ಕಾಲೋನಿಗೆ ಬೋರ್‌ವೆಲ್ ತಂದವರು ಅವರೇ, ಸಿಮೆಂಟ್ ರಸ್ತೆ ಹಾಕಿಸಿದವರೂ ಅವರೇ. ಹೆರಿಗೆ ನೋವು ಬಂದ ಹೆಂಗಸನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಮೇಲೆ ಅತ್ತೆಯ ಕೈಲಿ ಬೈಸಿಕೊಂಡವರು. ಕಾಲೋನಿಯ ಪ್ರತಿ ಮನೆಯ ಮುಂದೆಯೂ ಕೂತು ಕಷ್ಟಸುಖ ವಿಚಾರಿಸುತ್ತಿದ್ದರು. ಅಲ್ಲಿ ಅವರು ಕುಡಿಯುತ್ತಿದ್ದದ್ದು ಮಾತ್ರ ಎಳನೀರು. ನೀರು ಕೊಟ್ಟರೆ "ಈಗ್ತಾನೆ ಕುಡ್ದೆ ಕಣಮ್ಮ" ಎನ್ನುವರು, ಕಾಫಿ ಎಂದರೆ "ಸಕ್ಕರೆ ಕಾಯ್ಲೆ" ಎನ್ನುವರು, ಎಳನೀರು ಎಂದರೆ ಕೈ ಚಾಚುವರು. ಕಾಲೋನಿಯವರು ದಡ್ಡರಲ್ಲ. ಮಾವನ ಕಾರು ಬರುತ್ತದೆಂದು ತಿಳಿದ ಕೂಡಲೇ ಯಾರಾದರೊಬ್ಬರು ಕತ್ತಿ ಹಿಡಿದು ತೆಂಗಿನ ಮರದ ಕಡೆ ಹೋಗುತ್ತಿದ್ದರು.

ನಾನಿರುವುದು ಹಿಂದೂಪುರದಲ್ಲಿ. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಕಲ್ಯಾಣದುರ್ಗಕ್ಕೆ ಹೋಗಬೇಕಾದರೆ ನಾನು ಪಾವಗಡಕ್ಕೆ ಹೋಗಿ ಅಲ್ಲಿ ಬಸ್ಸು ಬದಲಿಸುತ್ತೇನೆ, ಅಂದರೆ ಆಂಧ್ರದಿಂದ ಆಂಧ್ರಕ್ಕೆ ಹೋಗಲು ಕರ್ನಾಟಕದಲ್ಲಿ ಇಳಿದು ಹತ್ತುತ್ತೇನೆ. ನಮ್ಮ ಭಾಷೆಯೂ ಅದೇ ಬಸ್ಸಿನ ಹಾಗೆ. ಒಂದೇ ವಾಕ್ಯ ಮುಗಿಯುವುದರೊಳಗೆ ಎರಡು ಸಲ ಗಡಿ ದಾಟುತ್ತದೆ.

ಈ ಭಾಷೆಯ ಕಾರಣಕ್ಕೇ ಮಾವ ನನ್ನನ್ನು ಕರೆಸಿಕೊಳ್ಳುತ್ತಿದ್ದದ್ದು. ಅವರ ಮನೆಮಾತು ಕನ್ನಡ. ಆದರೆ ಇಡೀ ಜೀವಮಾನದ ರಾಜಕೀಯ ತೆಲುಗಿನಲ್ಲಿ ನಡೆದದ್ದರಿಂದ, ಕನ್ನಡ ಅವರಿಗೆ ಬೈಯಲು ಮತ್ತು ಎತ್ತುಗಳ ಜೊತೆ ಮಾತಾಡಲು ಮಾತ್ರ ಉಳಿದಿತ್ತು. ಗಡಿಯ ಹಳ್ಳಿಗಳಲ್ಲಿ ಭಾಷಣ ಮಾಡಿದಾಗ ಕೊನೆಗೆ ನಾಲ್ಕು ಮಾತು ಚಂದದ ಕನ್ನಡದಲ್ಲಿ ಆಡಬೇಕು, ಆಗ ಚಪ್ಪಾಳೆ ಬೀಳುತ್ತದೆ. ಆ ನಾಲ್ಕು ಮಾತು ಬರೆದುಕೊಡುವವಳು ನಾನು. ಸಂಬಳ ಇಲ್ಲ, ಅತ್ತೆಯ ಕೈಯ ಕಡಲೆಬೀಜದ ಹೋಳಿಗೆ ಉಂಟು.

ಈಚಿನ ವರ್ಷಗಳಲ್ಲಿ ಸಣ್ಣ ಶಾಲೆಗಳನ್ನು ಒಂದರೊಳಗೊಂದು ಸೇರಿಸುವ ಮಾತು ಶುರುವಾಯಿತಲ್ಲ, ಆಗಿನ ಸಂಗತಿ ಇದು. ಮಾವನ ಹುಟ್ಟೂರು ಕಂಬದೂರಿನ ಕಡೆ. ಅಲ್ಲಿ ಎರಡು ಶಾಲೆ. ಊರೊಳಗೆ ಒಂದು, ಊರಾಚೆಯ ದಲಿತರ ಕಾಲೋನಿಯಲ್ಲಿ ಒಂದು. ಎರಡೂ ಸರ್ಕಾರದ್ದೇ, ಎರಡರಲ್ಲೂ ಅದೇ ಪಾಠ, ಅದೇ ಮೊಟ್ಟೆ. ನಡುವೆ ಒಂದು ಹುಣಸೆ ಮರ ಮತ್ತು ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣ. ಮಾವ ಆಗ ಒಂದು ಸಲ ಗೆದ್ದು, ಒಂದು ಸಲ ಸೋತು, ಇನ್ನೊಂದು ಸಲ ಟಿಕೆಟ್ಟೇ ಸಿಗದೆ ಮನೆಯಲ್ಲಿ ಕೂತಿದ್ದರು. ಮುಂದಿನ ಚುನಾವಣೆ ಹತ್ತಿರವಿತ್ತು. ಶಾಲೆ ಸೇರಿಸುವ ಸುದ್ದಿ ಕಿವಿಗೆ ಬಿದ್ದದ್ದೇ ಅವರೊಳಗಿನ ನಾಯಕ ಎದ್ದು ಕೂತ. ಮೈಕು ಹಿಡಿದು "ಒಕೇ ಊರು, ಒಕೇ ಬಡಿ" ಎಂದು ಘೋಷಿಸಿಬಿಟ್ಟರು. ತೆಲುಗಿನಲ್ಲಿ ಬಡಿ ಎಂದರೆ ಶಾಲೆ.

ನಾನು ಕನ್ನಡದಲ್ಲಿ "ಒಂದೇ ಊರು, ಒಂದೇ ಶಾಲೆ" ಎಂದು ಬರೆದುಕೊಟ್ಟಿದ್ದೆ. ಗೋಡೆ ಬರಹದ ಪೇಂಟರ್ ನನ್ನ ಚೀಟಿ ಕಳೆದುಕೊಂಡು, ತೆಲುಗಿನದನ್ನೇ ಮುಂದಿಟ್ಟುಕೊಂಡು ತಾನೇ ಅನುವಾದ ಮಾಡಿದ. 'ಒಕೇ' ಅನ್ನು 'ಒಂದೇ' ಮಾಡಿದ. 'ಬಡಿ' ಅವನ ಪಾಲಿಗೆ ಎಲ್ಲ ಭಾಷೆಯಲ್ಲೂ ಬಡಿಯೇ. ಗಡಿಯ ಅಷ್ಟೂ ಹಳ್ಳಿಗಳ ಗೋಡೆಯ ಮೇಲೆ ಮಾವನ ಕೈಮುಗಿದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ: ಒಂದೇ ಊರು, ಒಂದೇ ಬಡಿ.

"ಏನ್ಲಾ ಇದು, ಊರಿಗೆಲ್ಲಾ ಸೇರ್ಸಿ ಒಂದೇ ಬಡಿನಾ? ನಮ್ ಮೇಷ್ಟ್ರು ನಂಗೊಬ್ಬನಿಗೇ ಹತ್ತು ಬಡಿದವ್ರೆ" ಎಂದು ಅರಳಿಕಟ್ಟೆಯ ಮುದುಕ ಒಬ್ಬ ಶುರುಮಾಡಿದ. ಎರಡೂ ಭಾಷೆ ಬಲ್ಲ ಜನ, ಅರ್ಥ ಎಲ್ಲರಿಗೂ ಗೊತ್ತು, ಆದರೂ ಸಿಕ್ಕಿದ ಅವಕಾಶ ಯಾರು ಬಿಡುತ್ತಾರೆ? ಎದುರು ಪಕ್ಷದವನು ಸಭೆಯಲ್ಲಿ "ಅವರು ಬಡೀತೀವಿ ಅಂತವ್ರೆ, ಚುನಾವಣೇಲಿ ನೀವು ಬಡೀರಿ" ಎಂದ. ಇದನ್ನು ನಾನೇ ಬರೆದದ್ದು ಎಂದು ಹಿಂದೂಪುರದವರೆಗೂ ಸುದ್ದಿ ಹೋಯಿತು. ನನ್ನ ಟ್ಯೂಷನ್ ಮಕ್ಕಳು ಮುಸಿಮುಸಿ ನಕ್ಕರು. ಆ ಪೇಂಟರ್ ಎದುರಿಗೆ ಸಿಕ್ಕಿದ್ದರೆ ನಾನು ಬಡಿ ಎಂಬ ಮಾತಿನ ಕನ್ನಡ ಅರ್ಥವನ್ನು ಕೈಯಾರೆ ಕಲಿಸುತ್ತಿದ್ದೆ.

ನಿಜವಾದ ಪೆಟ್ಟು ಬಿದ್ದದ್ದು ಮಾವನಿಗೆ. ಮಂಡಲದ ಶಿಕ್ಷಣಾಧಿಕಾರಿ ಒಂದು ದಿನ ಕಲ್ಯಾಣದುರ್ಗದ ಮನೆಗೆ ಬಂದರು. ನಾನು ಅಲ್ಲೇ ಇದ್ದೆ. ಮಾವ ಖುಷಿಯಲ್ಲಿ, "ಕಾಲೋನಿ ಮಕ್ಳು ನಮ್ಮ ಊರ ಶಾಲೆಗೆ ಯಾವಾಗಿಂದ ಬತ್ತಾರೆ ಸಾರ್?" ಎಂದು ಕೇಳಿದರು.

ಅಧಿಕಾರಿ ಕೆಮ್ಮಿದರು. "ಕಾದು, ಹಾಗಲ್ಲ ಸಾರ್. ಊರಿನ ಮಕ್ಕಳೇ ಅಲ್ಲಿಗೆ ಹೋಗಬೇಕು."

ಮಾವನ ಕೈಯ ಕಾಫಿ ಲೋಟ ಅರ್ಧಕ್ಕೆ ನಿಂತಿತು. ಲೆಕ್ಕ ಸರಳವಾಗಿತ್ತು. ಕಡಿಮೆ ಮಕ್ಕಳಿರುವ ಶಾಲೆ ಹೆಚ್ಚು ಮಕ್ಕಳಿರುವ ಶಾಲೆಗೆ ಸೇರಬೇಕು. ಊರಿನ ಅನುಕೂಲಸ್ಥರ ಮಕ್ಕಳೆಲ್ಲ ಹಳದಿ ವ್ಯಾನಿನಲ್ಲಿ ಕಲ್ಯಾಣದುರ್ಗದ ಕಾನ್ವೆಂಟಿಗೆ ಹೋಗಿ, ಊರ ಶಾಲೆಯಲ್ಲಿ ಉಳಿದವರು ಬೆರಳೆಣಿಕೆ. ಕಾಲೋನಿ ಶಾಲೆ ತುಂಬಿ ತುಳುಕುತ್ತಿತ್ತು. ಅದಕ್ಕೆ ಹೊಸ ಕಟ್ಟಡ ಕಟ್ಟಿಸಿದ್ದೂ ಮಾವನೇ. ತಾನೇ ತೋಡಿದ ಗುಂಡಿಗೆ ಬೀಳುವುದೆಂದರೆ ಇದೇ ಇರಬೇಕು, ಅದೂ ಶಂಕುಸ್ಥಾಪನೆ ಮಾಡಿ, ಕಲ್ಲಿನ ಮೇಲೆ ಹೆಸರು ಕೆತ್ತಿಸಿ.

ಅಧಿಕಾರಿ ಹೊರಟ ಮೇಲೆ ಮಾವ, "ಮಾತು ಹಿಂದಕ್ ತಗಂಡ್ಬುಟ್ರೆ?" ಎಂದು ನನ್ನ ಮುಖ ನೋಡಿದರು. ನಾನು ಏನೂ ಹೇಳುವ ಮೊದಲೇ ಅವರೇ ತಲೆಯಾಡಿಸಿದರು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅವರ ಘೋಷಣೆ ಪಕ್ಷದ ಮೇಲಿನವರ ಕಿವಿಗೆ ಹೋಗಿ, ಅವರು ಮೆಚ್ಚಿಕೊಂಡು, ಟಿಕೆಟ್ ಪಟ್ಟಿ ಹೊರಬರುವ ಮುಂಚೆ ಒಬ್ಬ ವೀಕ್ಷಕರನ್ನು ಕಳಿಸುತ್ತೇವೆ ಎಂದಿದ್ದರು. ಊರಿನ ಮಕ್ಕಳೂ ಕಾಲೋನಿ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದನ್ನು ಆ ವೀಕ್ಷಕರು ಕಣ್ಣಾರೆ ಕಂಡರೆ ಟಿಕೆಟ್, ಕಾಣದಿದ್ದರೆ ಇಲ್ಲ. "ಇದೊಂದು ಸಲ ತಪ್ಪೋದ್ರೆ ನನ್ನ ಕತೆ ಮುಗೀತು ಕಣಮ್ಮ" ಎಂದರು ಮಾವ. ಆ ಮಾತಿನಲ್ಲಿ ನಾಟಕ ಇರಲಿಲ್ಲ. ಅವರು ಅಷ್ಟು ಕುಗ್ಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ, ನನಗೆ ಸಂಕಟವಾಯಿತು.

ಊರಿನ ಹಿರಿಯರು ಮಾತುಕತೆಗೆ ಬಂದರು. ಎಲ್ಲರೂ ಮಾವನ ನೆಂಟರು, ಇಷ್ಟರು. ಅವರ ಪರವಾಗಿ ಮಾತಾಡಿದ್ದು ನಮ್ಮ ದೊಡ್ಡಪ್ಪನ ವರಸೆಯ ಒಬ್ಬರು.

"ಓದ್ಕಳ್ಳಿ, ಬೇಡ ಅನ್ನಾಕಿಲ್ಲ. ಒಂದೇ ಬೆಂಚಲ್ಲಿ ಕೂತ್ಕಳ್ಳಿ, ಅದಕ್ಕೂ ಒಪ್ಪಿದ್ವಿ. ಉಣ್ಣೋದು ಮಾತ್ರ ಕೂಡದು. ಅಲ್ಲಿ ಅಡುಗೆ ಮಾಡೋಳು ಕಾಲೋನಿಯೋಳು."

"ಮೊಟ್ಟೆ?" ಎಂದು ಮಾವ ಕೇಳಿದರು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತು ಚರ್ಚೆಯಾಯಿತು. ಮೊಟ್ಟೆಗೆ ಚಿಪ್ಪು ಇರುತ್ತದೆ, ಯಾರು ಬೇಯಿಸಿದರೂ ಮೈಲಿಗೆ ಒಳಕ್ಕೆ ಇಳಿಯುವುದಿಲ್ಲ, ಆದ್ದರಿಂದ ಮೊಟ್ಟೆ ತಿನ್ನಬಹುದು, ಆದರೆ ಸುಲಿಯುವುದು ಮಗುವೇ ಸುಲಿಯಬೇಕು ಎಂದು ತೀರ್ಪಾಯಿತು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ಅಡುಗೆಮನೆಗೆ ಓಡಿದೆ. ಅತ್ತೆ ಅಲ್ಲಿ ಗಂಭೀರವಾಗಿ, "ಸರಿಯಾಗೇ ಹೇಳವ್ರೆ" ಎಂದರು.

ಅನ್ನದ ಮಾತಿಗೆ ಮಾವನೇ ದಾರಿ ಹುಡುಕಿದರು. ವೀಕ್ಷಕರು ಬರುವ ದಿನ ಪುಳಿಹೋರ, ಅಂದರೆ ಪುಳಿಯೋಗರೆ. ಕಾಲೋನಿ ಶಾಲೆಯ ಅಡುಗೆಯಕ್ಕ ಎಂದಿನಂತೆ ಒಂದು ತಪ್ಪಲೆ ಮಾಡುತ್ತಾಳೆ. ಮಾವನ ಊರ ಮನೆಯಿಂದ, ಅತ್ತೆಯ ಕಡೆಯವರು ಮಾಡಿದ್ದು, ಇನ್ನೊಂದು ತಪ್ಪಲೆ ಬರುತ್ತದೆ. ಯಾರಾದರೂ ಕೇಳಿದರೆ ಅದು ಅತಿಥಿಗಳು ಬಂದಿರುವುದರಿಂದ ಹೆಚ್ಚಿಗೆ ಮಾಡಿಸಿದ್ದು. ಎರಡೂ ಅದೇ ಹಳದಿ, ಅದೇ ಹುಣಸೆಹುಳಿ. ಅಡುಗೆಯಕ್ಕನದು ಎಡಕ್ಕೆ, ಊರಿನದು ಬಲಕ್ಕೆ. ಮಕ್ಕಳನ್ನು ಬೆರೆಸಿ ಕೂರಿಸುವುದು, ಬಡಿಸುವಾಗ ಮಾತ್ರ ಆಯಾ ಮಕ್ಕಳಿಗೆ ಆಯಾ ತಪ್ಪಲೆಯದು.

ನನಗೆ ಮೈಯೆಲ್ಲ ಉರಿಯಿತು. "ಮಾವಾ, ಒಂದೇ ಶಾಲೆ ಅಂತ ನಾನು ಬರ್ಕೊಟ್ಟೆ. ಎರಡು ತಪ್ಪಲೆ ಅಂತ ಬರ್ಕೊಡ್ಲಿಲ್ಲ" ಎಂದೆ.

"ರಾಜಕೀಯ ಅಂದ್ರೆ ಹಂಗೇ ಕಣಮ್ಮ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು" ಎಂದರು.

"ಹಾವಿಗೂ ಕೋಲಿಗೂ ಗೊತ್ತಾಗೋದಿಲ್ವಾ?"

"ಬಾಯ್ಮುಚ್ಕಂಡು ವೀಕ್ಷಕರ ಪಕ್ಕದಲ್ಲಿ ಕೂತ್ಕೋ. ಅವರಿಗೆ ಕನ್ನಡ ಬರಾಕಿಲ್ಲ. ಯಾರೇನಂದ್ರೂ ತೆಲುಗಲ್ಲಿ ಚೆಂದಾಗಿ ಹೇಳು."

ಹೋಳಿಗೆಯ ಋಣ, ಹೋದೆ.

ವೀಕ್ಷಕರು ಕೃಷ್ಣಾ ತೀರದ ಕಡೆಯವರು. ಬಿಳಿ ಅಂಗಿ, ಹಗುರ ಮೈ, ಎಲ್ಲದಕ್ಕೂ ಚೆನ್ನಾಗಿದೆ ಎಂದು "ಬಾಗುಂದಿ, ಬಾಗುಂದಿ" ಎನ್ನುವ ಒಳ್ಳೆಯ ಮನುಷ್ಯ. ನಮ್ಮ ಕಡೆಯ ತೆಲುಗು ಕೇಳಿಯೇ ಅವರು ಅರ್ಧ ಗಾಬರಿಯಾಗಿದ್ದರು, ಇನ್ನು ಕನ್ನಡದ ಮಾತೆಲ್ಲಿ. ಕಾಲೋನಿ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು, ಊರಿನದೊಂದು ಮಗು, ಅದರ ಪಕ್ಕ ಕಾಲೋನಿಯದೊಂದು. ಕಾಂಪೌಂಡ್ ಗೋಡೆಯ ಬಳಿ ಕಾಲೋನಿಯ ಹೆಂಗಸರೆಲ್ಲ ನೋಡಲು ನಿಂತಿದ್ದರು. ಊರಿನವರು ಗೇಟಿನ ಹೊರಗೆ, ಹುಣಸೆ ಮರದ ನೆರಳಿನಲ್ಲಿ.

ಬಡಿಸುವುದು ಶುರುವಾಯಿತು. ಊರಿನ ಬಕೆಟ್ ಹಿಡಿದವನು ಮಾವನ ತೋಟದ ಆಳು. ಅವನು ಒಂದು ಮಗುವಿಗೆ ಹಾಕಿ, ಒಂದು ಮಗು ಬಿಟ್ಟು, ಮುಂದಿನದಕ್ಕೆ ಹಾಕಿ, ಕುಂಟಾಬಿಲ್ಲೆ ಆಡುವವನಂತೆ ಹೋಗುತ್ತಿದ್ದ. ಹಿಂದೆಯೇ ಅಡುಗೆಯಕ್ಕ ಅವನು ಬಿಟ್ಟವರಿಗೆ ಬಡಿಸುತ್ತ ಬರುತ್ತಿದ್ದಳು. ವೀಕ್ಷಕರು ಹುಬ್ಬು ಏರಿಸಿದರು. "ಇದೇನು, ಒಬ್ಬರನ್ನು ಬಿಟ್ಟು ಒಬ್ಬರಿಗೆ?" ಎಂದು ತೆಲುಗಿನಲ್ಲಿ ನನ್ನನ್ನು ಕೇಳಿದರು.

"ಇಬ್ಬರು ಬಡಿಸಿದರೆ ಬೇಗ ಆಗುತ್ತದೆ ಸಾರ್" ಎಂದೆ.

"ಬಾಗುಂದಿ" ಎಂದರು.

ಮಕ್ಕಳಿಗೆ ಈ ಏರ್ಪಾಟನ್ನು ಚೆನ್ನಾಗಿ ಬಾಯಿಪಾಠ ಮಾಡಿಸಿದ್ದರು. ಆದರೆ ಊರಿನ ಒಬ್ಬಳು ಪುಟ್ಟ ಹುಡುಗಿ, ಎರಡು ಜಡೆಯವಳು, ತನ್ನ ತಟ್ಟೆಯದನ್ನು ಎರಡು ತುತ್ತು ತಿಂದು, ಪಕ್ಕದವನ ತಟ್ಟೆಯಿಂದ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಅಡುಗೆಯಕ್ಕನ ಸೆರಗು ಜಗ್ಗಿ, "ನಂಗೂ ಇದನ್ನೇ ಹಾಕು, ಇದ್ರಲ್ಲಿ ಕಡಲೆಬೀಜ ಜಾಸ್ತಿ ಐತೆ" ಎಂದಳು. ಹುಣಸೆ ಮರದ ಕೆಳಗೆ ಯಾರಿಗೋ ಕೆಮ್ಮು ಬಂತು. ಅಡುಗೆಯಕ್ಕ ಯಾರ ಕಡೆಗೂ ನೋಡದೆ ಒಂದು ಸೌಟು ತುಂಬಾ ಹಾಕಿದಳು. ಅದನ್ನು ನೋಡಿದ ಊರಿನ ಇನ್ನಿಬ್ಬರು ಮಕ್ಕಳೂ ತಟ್ಟೆ ಚಾಚಿದರು. ನನಗೆ ಎದ್ದು ನಿಂತು ಆ ಹುಡುಗಿಯನ್ನು ಮುದ್ದಾಡಬೇಕು ಎನ್ನಿಸಿತು.

ವೀಕ್ಷಕರಿಗೆ ಇದೆಲ್ಲ ಭಾರೀ ಇಷ್ಟವಾಯಿತು. "ನಾವೂ ಕೂತು ಊಟ ಮಾಡೋಣ" ಎಂದು ಮಾವನ ಕೈ ಹಿಡಿದು ಮಕ್ಕಳ ಸಾಲಿನಲ್ಲಿ ಕೂರಿಸಿಬಿಟ್ಟರು. ಇದು ಏರ್ಪಾಟಿನಲ್ಲಿ ಇರಲಿಲ್ಲ. ಎಳನೀರಿನವರಿಗೆ ಎಲೆ ಹಾಕಿದಂತಾಯಿತು. ಮಾವನ ಪಕ್ಕ ವೀಕ್ಷಕರು, ಅವರ ಪಕ್ಕ ನಾನು. ಫೋಟೋದವನು ಮೊಣಕಾಲೂರಿ ಕೂತ. ತೋಟದ ಆಳು ಓಡಿಬಂದು ಬಡಿಸಬೇಕಿತ್ತು. ಅವನ ಬಕೆಟ್ ಖಾಲಿಯಾಗಿ ತುಂಬಿಸಿಕೊಳ್ಳಲು ಹೋಗಿದ್ದ. ತುಂಬಿಸಿ ತರುತ್ತಿದ್ದ ಅವನ ಕೈಯಿಂದ ಅಡುಗೆಯಕ್ಕ ಬಕೆಟ್ ಇಸಿದುಕೊಂಡು, ಎರಡೂ ಕೈಯಲ್ಲಿ ಎರಡು ಬಕೆಟ್ ಹಿಡಿದು ಮಾವನ ಮುಂದೆ ಬಂದು ನಿಂತಳು. ಮುಖದಲ್ಲಿ ಹಸುವಿನಂಥ ಮುಗ್ಧತೆ. ಗೋಡೆಯ ಬಳಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ, ಅಚ್ಚ ಕನ್ನಡದಲ್ಲಿ ಕೇಳಿದಳು.

"ಯಾವುದ್ ಹಾಕ್ಲಿ ಸಾಮಿ? ಎಡದ್ದೋ, ಬಲದ್ದೋ?"

ಮಾವ ಅವಳ ಮುಖ ನೋಡಿದರು. ಹುಣಸೆ ಮರದ ಕಡೆ ನೋಡಿದರು. ಎಡದ್ದು ಎಂದಿದ್ದರೆ ಮುಗಿಯುತ್ತಿತ್ತು. ಒಂದು ತುತ್ತು ಪುಳಿಹೋರ, ಅಷ್ಟೇ. ನಾನು ಮನಸ್ಸಿನಲ್ಲೇ, ಹೇಳಿ ಮಾವಾ, ಎಡದ್ದು ಅನ್ನಿ, ಆ ಮಗು ತಿಂದಿತಲ್ಲ ಎಂದು ಬೇಡಿಕೊಂಡೆ. ಮಾವ ತಟ್ಟೆಯನ್ನೇ ನೋಡುತ್ತ, "ಬಲ... ಬಲದ್ದೇ ಹಾಕಮ್ಮ" ಎಂದರು.

ವೀಕ್ಷಕರ ಮುಖ ಅರಳಿತು. ಇಡೀ ಮಾತಿನಲ್ಲಿ ಅವರಿಗೆ ಅರ್ಥವಾದದ್ದು ಒಂದೇ ಪದ. "ಬಲಂ!" ಎಂದು ತೊಡೆ ತಟ್ಟಿದರು. "ಕರೆಕ್ಟ್! ಪಿಲ್ಲಲಕು ಬಲಂ ಕಾವಾಲಿ! ಮಕ್ಕಳಿಗೆ ಬಲ ಬರುವ ಊಟ ಹಾಕಬೇಕು. ಎಂಥಾ ಮಾತು! ನನಗೂ ಬಲದ್ದೇ ಹಾಕಮ್ಮ!"

ಅನುವಾದ ಮಾಡಬೇಕಾದವಳು ನಾನು. ಅವರು ತಾವೇ ಮಾಡಿಕೊಂಡ ಅನುವಾದ ನನ್ನ ಕೈಲಿ ಆಗುವುದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂದು, ನೀರು ನೆತ್ತಿಗೆ ಹತ್ತಿದವಳಂತೆ ತಲೆ ತಟ್ಟಿಕೊಂಡೆ. ಅಡುಗೆಯಕ್ಕ ಇಬ್ಬರಿಗೂ ಬಲಗೈಯ ಬಕೆಟ್ಟಿನಿಂದ ಬಡಿಸಿ, ನನ್ನ ಮುಂದೆ ನಿಂತು, ಏನೂ ಕೇಳದೆ ಕಾದಳು. "ಎಡದ್ದು" ಎಂದೆ. ಕಡಲೆಬೀಜ ನಿಜಕ್ಕೂ ಜಾಸ್ತಿ ಇತ್ತು. ಗೋಡೆಯ ಬಳಿಯ ಹೆಂಗಸರಲ್ಲಿ ಮಾತ್ರ ಯಾರೂ ನಗಲಿಲ್ಲ. ಸುಮ್ಮನೆ ನೋಡಿ, ಒಬ್ಬೊಬ್ಬರಾಗಿ ಮನೆಗೆ ಹೋದರು.

ಮಾರನೆಯ ದಿನ ಪತ್ರಿಕೆಯಲ್ಲಿ ಮಾವ ಮಕ್ಕಳ ನಡುವೆ ಕೂತು ತುತ್ತು ಎತ್ತಿದ ಫೋಟೋ ಬಂತು. ವೀಕ್ಷಕರು ಮೇಲೆ ಏನು ಹೇಳಿದರೋ, ಪಟ್ಟಿಯಲ್ಲಿ ಮಾವನ ಹೆಸರು ಬಂತು. ಕಲ್ಯಾಣದುರ್ಗದ ಮನೆ ಮುಂದೆ ಪಟಾಕಿ ಹೊಡೆದರು. ಅತ್ತೆ ನನಗೆ ಎರಡು ಹೋಳಿಗೆ ಜಾಸ್ತಿ ಕೊಟ್ಟರು.

ಟಿಕೆಟ್ ಸಿಕ್ಕಿದ ಮೇಲೆ ಬಲದ ತಪ್ಪಲೆ ಶಾಲೆಗೆ ಬರುವುದು ನಿಂತಿತು. ಅದರ ಕೆಲಸ ಮುಗಿದಿತ್ತು, ಗ್ಯಾಸ್ ಯಾರಪ್ಪನದು ಎಂದು ಅತ್ತೆಯೂ ಕೇಳಿದ್ದರು. ಊರಿನವರು ಸಿಟ್ಟಾಗಿ ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸಿದರು. ಮಕ್ಕಳು ಡಬ್ಬಿಯ ತಣ್ಣನೆಯ ಅನ್ನವನ್ನು ನಾಯಿಗೆ ಹಾಕಿ, ಬಿಸಿ ಊಟದ ಸಾಲಿನಲ್ಲಿ ಕೂತರು. ಕಂಬದೂರು ಕಡೆಗೆ ಹೋದಾಗ ಈಗಲೂ ನಾನು ಇಣುಕಿ ನೋಡುತ್ತೇನೆ. ಒಂದೇ ತಪ್ಪಲೆ, ಅದರ ಸುತ್ತ ಅದೇ ಗಲಾಟೆ. ಎರಡು ಜಡೆಯ ಹುಡುಗಿಗೆ ಕೆನ್ನೆ ಬಂದಿದೆ. ಯಾರೂ ಭಾಷಣ ಮಾಡದೆ ಆದ ಕೆಲಸ ಅದು.

ಚುನಾವಣೆಯಲ್ಲಿ ಮಾವ ಸೋತರು. ಸಾಧಾರಣ ಸೋಲಲ್ಲ, ಹುಟ್ಟೂರಿನಲ್ಲೇ ಮಣ್ಣುಮುಕ್ಕಿದರು. ಫಲಿತಾಂಶದ ದಿನ ಸಂಜೆ ನಾನು ಪಾವಗಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗ ತಲುಪಿದಾಗ, ಜಗಲಿಯಲ್ಲಿ ಮಾವ ಒಬ್ಬರೇ ಕೂತಿದ್ದರು. ಮನೆ ಮುಂದೆ ಒಂದು ಕಾರೂ ಇರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅವರೇ ಮಾತು ತೆಗೆದರು.

"ಊರೋರು ಓಟು ಹಾಕಾಕಿಲ್ಲ ಅಂತ ಗೊತ್ತಿತ್ತು ಕಣಮ್ಮ. ಮಕ್ಳನ್ನ ಅಲ್ಲಿಗೆ ಕಳ್ಸಿ ಜಾತಿ ಕೆಡ್ಸಿಬುಟ್ಟ ಅಂತ ಅವರಿಗೆ ಸಿಟ್ಟು. ಅದು ಬುಡು. ಕಾಲೋನಿಯೋರಿಗೇನಾಗಿತ್ತು? ಅಷ್ಟು ಜನದ ಮುಂದೆ ಅವರ ಮಕ್ಳ ಜೊತೆ ನೆಲದ ಮೇಲೆ ಕೂತು ಉಂಡೆ. ಪೇಪರ್‌ನಾಗೂ ಬಂತು. ಆ ಮೇಲಿನಿಂದ ಬಂದೋರೇ ಎಷ್ಟು ಮೆಚ್ಕಂಡು ಹೋದ್ರು, ನೀನೇ ನೋಡಿದ್ಯಲ್ಲ."

ಅವರು ನಿಜವಾಗಿಯೂ ಕೇಳುತ್ತಿದ್ದರು. ಅಷ್ಟು ವರ್ಷ ಆ ನಾಲ್ಕು ಮಾತು ಬರೆದುಕೊಟ್ಟವಳು ನಾನು, ಈ ಒಂದು ಮಾತನ್ನೂ ನಾನೇ ಹೇಳಬೇಕಿತ್ತು.

"ಮೇಲಿನಿಂದ ಬಂದೋರಿಗೆ ಕನ್ನಡ ಬತ್ತಿರ್ಲಿಲ್ಲ ಮಾವಾ" ಎಂದೆ. "ಕಾಲೋನಿಯೋರಿಗೆ ಬತ್ತದೆ."